ಪರದೆ ಮೇಲೆ ನಾಲ್ಕು, ಡ್ರಾಯರ್‌ನಲ್ಲಿ ಸೊನ್ನೆ

ಇವತ್ತೂ ಐಸಿಯುನಿಂದ ಅದೇ ಫೋನು, ಅಲ್ಲಿ ಕೂರಿಸಿರೋ ಔಷಧಿ ಕ್ಯಾಬಿನೆಟ್ ಬಗ್ಗೆ. ಪರದೆಯಲ್ಲಿ ಔಷಧಿ ಒತ್ತಿದರೆ ಡ್ರಾಯರ್ ತೆರೆದು, ಎಷ್ಟು ಉಳಿದಿದೆ ಅಂತ ಲೆಕ್ಕ ಇಡೋ ಕಂಪ್ಯೂಟರ್ ಕಪಾಟು ಅದು. "ನಾರ್‌ಅಡ್ರಿನಲಿನ್ ನಾಲ್ಕಿದೆ ಅಂತ ತೋರಿಸ್ತಿದೆ, ಡ್ರಾಯರ್ ತೆಗೆದ್ರೆ ಒಂದೂ ಇಲ್ಲ. ಪೇಷೆಂಟ್ ಬಿಪಿ ಬೀಳ್ತಿದೆ, ಬೇಗ ಕಳಿಸಿ!" ಸಿಸ್ಟರ್ ದನಿಯಲ್ಲಿ ಸಿಟ್ಟಿತ್ತು, ಇರಲೇಬೇಕು. ಆದರೆ ಆ ಸಿಟ್ಟು ಮುಟ್ಟಬೇಕಾದವರ ಫೋನು ಆ ಹೊತ್ತಿಗೆ ಯಾವತ್ತೂ ರಿಂಗಾಗಲ್ಲ. ಬೈಸಿಕೊಳ್ಳೋದು ಫಾರ್ಮಸಿಯಲ್ಲಿರೋ ನಾವು.

ಔಷಧಿ ಕ್ಯಾಬಿನೆಟ್ ಬಂದ ಮೇಲೆ ಸ್ಟಾಕ್ ತಾನಾಗೇ ಸರಿಹೋಗುತ್ತೆ ಅಂತ ಆಡಳಿತದವರು ನಂಬಿಬಿಟ್ಟಿದ್ದಾರೆ. ಖಾನೆಯೊಳಗೆ ಏನಿದೆ ಅಂತ ಅದೇನು ಇಣುಕಿ ನೋಡುತ್ತಾ? ನಾವು ಒತ್ತಿದ್ದಷ್ಟೇ ಅದಕ್ಕೆ ಗೊತ್ತು. ತುರ್ತಿನಲ್ಲಿ ಒಂದು ಅಂತ ಒತ್ತಿ ಎರಡು ವಯಲ್ ತೆಗೆದರೆ ಅದರ ಲೆಕ್ಕಕ್ಕೆ ಹೋಗಿದ್ದು ಒಂದೇ. ಖಾನೆಗಳಿಗೆಲ್ಲ ಮುಚ್ಚಳವೇ ಇಲ್ಲದ ಡ್ರಾಯರ್‌ನಲ್ಲಿ, ಉಳಿದ ವಯಲ್ ಪಕ್ಕದ ಖಾನೆಗೆ ವಾಪಸ್ ಬಿದ್ದರೆ ಎರಡು ಔಷಧಿಯ ಲೆಕ್ಕವೂ ಹಾಳು, ಮೇಲೆ ತಪ್ಪು ಇಂಜೆಕ್ಷನ್ ಕೈಗೆ ಬರೋ ಅಪಾಯ ಬೇರೆ.

ಮಾರ್ಫಿನ್, ಫೆಂಟನಿಲ್‌ನಂಥ ಬಿಗಿ ನಿಯಂತ್ರಣದ ನೋವಿನ ಔಷಧಿಗಳಿಗೆ ಈ ಗೋಳು ಇಷ್ಟಿಲ್ಲ. ಖಾನೆ ತೆರೆದಾಗ "ಈಗ ಎಷ್ಟಿದೆ, ಎಣಿಸಿ ಹೇಳು" ಅಂತ ಪರದೆ ಕೇಳುತ್ತೆ, ತಾನು ಬರೆದಿಟ್ಟ ಸಂಖ್ಯೆಯನ್ನು ಮಾತ್ರ ತೋರಿಸಲ್ಲ. ಹಾಗಾಗಿ ವ್ಯತ್ಯಾಸ ಬಂದರೆ ಅಲ್ಲೇ ಸಿಕ್ಕಿಬೀಳುತ್ತೆ. ಜೀವ ಉಳಿಸೋ ಹತ್ತಾರು ಔಷಧಿಗಳಿಗೂ ಹೀಗೇ ಮಾಡಿ ಅಂತ ಕೇಳಿದೆ. ಕೆಲಸ ನಿಧಾನವಾಗುತ್ತಂತೆ! ಖಾಲಿ ಖಾನೆ ನೋಡಿ ಮಹಡಿ ಇಳಿದು ಓಡಿ ಬರೋದು ನಿಧಾನ ಅಲ್ವಾ?

ಇನ್ನು ಪಾರ್ ಲೆವೆಲ್. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಕ್ಯಾಬಿನೆಟ್ ಕೂರಿಸಿದ ದಿನ ಹಾಕಿದ ಅಂಕಿಗಳನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ವಾರ್ಡ್ ಬದಲಾಯ್ತು, ರೋಗಿಗಳು ಬದಲಾದರು. ಬೇಡದ್ದು ಎಕ್ಸ್‌ಪೈರಿ ಆಗ್ತಾ ಕೂತಿದೆ, ಬೇಕಾದ್ದು ಸಂಜೆಗೇ ಖಾಲಿ. ಅದೂ ಸರಾಸರಿ ಬಳಕೆಯ ಮೇಲೆ ಹಾಕಿದ ಅಂಕಿ. ಸೆಪ್ಸಿಸ್ ಆದ, ಅಂದರೆ ಸೋಂಕು ವಿಪರೀತಕ್ಕೆ ಹೋಗಿ ಬಿಪಿ ಕುಸಿಯುತ್ತಿರೋ ಇಬ್ಬರು ಒಂದೇ ರಾತ್ರಿ ಬಂದರೆ ಸರಾಸರಿ ಕಟ್ಟಿಕೊಂಡು ಏನು ಮಾಡೋದು?

ಎಕ್ಸ್‌ಪೈರಿ ತಾರೀಖೂ ಅಷ್ಟೇ, ತುಂಬುವವರು ಹಾಕಬೇಕು. ಫ್ರಿಜ್‌ನಿಂದ ಹೊರಬಂದ ರೊಕ್ಯುರೋನಿಯಂಗೆ (ಸ್ನಾಯು ಸಡಿಲಿಸೋ ಇಂಜೆಕ್ಷನ್) ಎಷ್ಟೋ ಲೇಬಲ್‌ಗಳ ಪ್ರಕಾರ 60 ದಿನವಷ್ಟೇ ಆಯಸ್ಸು, ವಯಲ್ ಮೇಲೆ ಅಚ್ಚಾದ ತಾರೀಖು ಆಮೇಲೆ ನಡೆಯಲ್ಲ. ಆ ಹೊಸ ತಾರೀಖನ್ನು ಕೂತು ಹಾಕೋಕೆ ಜನ ಎಲ್ಲಿದ್ದಾರೆ? ಮಷೀನು ಬಂತಲ್ಲ ಅಂತ ನಮ್ಮ ಟೆಕ್ನಿಷಿಯನ್‌ಗಳನ್ನೇ ಕಡಿಮೆ ಮಾಡಿದರು.

ಭಯ ಆಗೋದು ಓವರ್‌ರೈಡ್ ಅಭ್ಯಾಸ ಕಂಡಾಗ. ಸಿಗಬೇಕಾದ್ದು ಸಿಗದೇ ಹೋದಾಗ, ಫಾರ್ಮಸಿಸ್ಟ್ ಪರಿಶೀಲನೆ ದಾಟಿ ತೆಗೆಯೋದೇ ರೂಢಿಯಾಗುತ್ತೆ. 2017ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಇಂಥದ್ದೇ ಕ್ಯಾಬಿನೆಟ್‌ನಿಂದ ನರ್ಸ್ ಒಬ್ಬರು ಓವರ್‌ರೈಡ್ ಮಾಡಿ, ಮಂಪರು ಬರಿಸೋ ಮಿಡಜೋಲಂ ಬದಲು ಸ್ನಾಯುಗಳನ್ನೇ ಸ್ತಬ್ಧಗೊಳಿಸೋ ವೆಕ್ಯುರೋನಿಯಂ ತೆಗೆದು ಕೊಟ್ಟರು. ರೋಗಿ ಉಳಿಯಲಿಲ್ಲ. ಅದು ಸ್ಟಾಕ್ ತಪ್ಪಿ ಆದದ್ದಲ್ಲ, ನಿಜ. ಆದರೆ ಆ ದಾರಿಯನ್ನು ದಿನಾ ತುಳಿಯುವಂತೆ ನಮ್ಮವರನ್ನು ದೂಡ್ತಿರೋದು ಈ ಸುಳ್ಳು ಲೆಕ್ಕ.

ನಾನು ಕೇಳಿದ್ದು ದಿನಾ ಒಂದಷ್ಟು ಖಾನೆ ಎಣಿಸೋಕೆ ಒಬ್ಬರನ್ನು, ತಿಂಗಳಿಗೊಮ್ಮೆ ಪಾರ್ ಲೆವೆಲ್ ನೋಡೋಕೆ ಅರ್ಧ ದಿನವನ್ನು. ಸಿಕ್ಕಿದ್ದು "ಸ್ಟಾಕ್ ವ್ಯತ್ಯಾಸಕ್ಕೆ ಫಾರ್ಮಸಿಯೇ ಹೊಣೆ" ಅನ್ನೋ ನೋಟಿಸು, ಜೊತೆಗೆ ಇನ್ನೊಂದು ಕ್ಯಾಬಿನೆಟ್ ಬರುತ್ತೆ ಅನ್ನೋ ಸುದ್ದಿ. ಅದನ್ನು ತುಂಬೋರು ಯಾರು, ಎಣಿಸೋರು ಯಾರು ಅಂತ ಮೊದಲು ಹೇಳಲಿ. ಅಲ್ಲಿವರೆಗೆ ಆ ನೋಟಿಸಿಗೆ ನಾನು ಸಹಿ ಹಾಕಲ್ಲ.