ಓದದ ತೀರ್ಪಿನ ಮೇಲ್ಮನವಿ

ಮೊನ್ನೆ ಇನ್ನೊಂದು ದೊಡ್ಡ ತೀರ್ಪು ಬಂತು. ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ಗೊತ್ತಿದೆ. ಇದನ್ನು ನೀವು ಆರು ತಿಂಗಳು ಬಿಟ್ಟು ಓದಿದರೂ ಅಷ್ಟೇ, ಆಗಲೂ ಮೊನ್ನೆ ತಾನೇ ಒಂದು ದೊಡ್ಡ ತೀರ್ಪು ಬಂದಿರುತ್ತದೆ. ನ್ಯಾಯಮೂರ್ತಿಗಳು ಕನ್ನಡಕ ಏರಿಸಿಕೊಂಡು ಮೊದಲ ಪ್ಯಾರಾ ಮುಗಿಸುವಷ್ಟರಲ್ಲಿ ನಮ್ಮವರು ‘ಸತ್ಯಕ್ಕೆ ಜಯ’ ಅಂತಲೋ ‘ಪ್ರಜಾಪ್ರಭುತ್ವದ ಕಗ್ಗೊಲೆ’ ಅಂತಲೋ ಘೋಷಿಸಿ ಆಗಿರುತ್ತದೆ. ಮೂರನೆಯ ಆಯ್ಕೆ ಇಲ್ಲ. ‘ಓದಿ ಹೇಳ್ತೀನಿ’ ಅಂದವನನ್ನು ಎರಡೂ ಕಡೆಯವರು ಸೇರಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ದೇಶದಲ್ಲಿ ಇನ್ನೂ ಒಗ್ಗಟ್ಟು ಉಳಿದಿರುವ ವಿಷಯ ಅದೊಂದೇ.

ಈ ವೇಗಕ್ಕೆ ಕೈಮುಗಿಯಬೇಕು. ಅಯೋಧ್ಯೆಯ ತೀರ್ಪು 1,045 ಪುಟ. ಆಧಾರ್ ತೀರ್ಪು 1,448 ಪುಟ. ಅದು ಬಂದದ್ದು 2018ರ ಸೆಪ್ಟೆಂಬರ್ 26ಕ್ಕೆ. ಆವತ್ತು ಮಧ್ಯಾಹ್ನ ಕೈತೊಳೆದು ಊಟಕ್ಕೆ ಕೂರುವ ಮೊದಲೇ ನಮ್ಮ ಪಂಡಿತರು ಅದರ ಕಾಳು, ಜೊಳ್ಳು ಎರಡನ್ನೂ ಬೇರ್ಪಡಿಸಿ ಇಟ್ಟಿದ್ದರು. ವಕೀಲರೇ ಇನ್ನೂ ಪುಟ ತಿರುವುತ್ತಿದ್ದರು, ಪಾಪ, ಕಾನೂನು ಓದಿ ಕೆಟ್ಟವರು. ನಮ್ಮ ಪಂಡಿತರಲ್ಲೊಬ್ಬ ಹಿರಿಯರನ್ನು ಕೇಳಿದೆ.

“ಸಾರ್, ತೀರ್ಪು ಪೂರ್ತಿ ಓದಿದ್ರಾ?”

“ಓದೋದೇನ್ರೀ ಬಂತು ಅದ್ರಲ್ಲಿ? ಬೆಳಗಿಂದ ಟೀವಿಲಿ ಅದೇ ಬರ್ತಿದೆಯಲ್ಲ.”

“ಒಬ್ಬ ನ್ಯಾಯಮೂರ್ತಿಗಳು ಭಿನ್ನವಾಗಿ ಬರೆದಿದ್ದಾರೆ, ಅದನ್ನಾದ್ರೂ...”

“ಅದು ಬಿಡಿ. ಅವರು ಆ ಕಡೆಯವರು.”

‘ಆ ಕಡೆಯವರು’ ಎಂಬುದಕ್ಕೆ ಸಾಕ್ಷ್ಯ ಬೇಕಾಗಿಲ್ಲ, ಪಾಟೀಸವಾಲಿಲ್ಲ, ಮೇಲ್ಮನವಿಯೂ ಇಲ್ಲ. ಸೋಮವಾರ ಸಂವಿಧಾನದ ಕಾವಲುಗಾರರಾಗಿದ್ದ ನ್ಯಾಯಮೂರ್ತಿಗಳು ಬುಧವಾರ ಇನ್ನೊಂದು ಪ್ರಕರಣದಲ್ಲಿ ಆ ಕಡೆಯವರಾಗುತ್ತಾರೆ, ಶುಕ್ರವಾರ ಮತ್ತೆ ಕಾವಲಿಗೆ ಬರುತ್ತಾರೆ. ಮೇಲ್ವರ್ಗದ ಬಡವರಿಗೆ ಹತ್ತು ಪರ್ಸೆಂಟ್ ಮೀಸಲಾತಿಯ ತೀರ್ಪು 2022ರ ನವೆಂಬರಿನಲ್ಲಿ ಬಂತಲ್ಲ, 3-2ರ ಬಹುಮತದಲ್ಲಿ? ಮೂವರು ತಮ್ಮ ಕಡೆ ಎಂದುಕೊಂಡವರಿಗೆ ನ್ಯಾಯಾಂಗದ ಮೇಲೆ ಅಪಾರ ನಂಬಿಕೆ ಉಕ್ಕಿತು. ಇಬ್ಬರು ತಮ್ಮ ಕಡೆ ಎಂದುಕೊಂಡವರು ‘ಇತಿಹಾಸ ಈ ಇಬ್ಬರನ್ನು ಮರೆಯದು’ ಎಂದರು. ಇತಿಹಾಸದ ಕತೆ ಇರಲಿ, ಆ ಇಬ್ಬರ ಹೆಸರು ಈಗ ಹೇಳಿ ನೋಡೋಣ.

ಅಯೋಧ್ಯೆ ತೀರ್ಪಿನದು ಇನ್ನೂ ಸ್ವಾರಸ್ಯ. ಐವರು ನ್ಯಾಯಮೂರ್ತಿಗಳ ಒಮ್ಮತದ ತೀರ್ಪು, ಆದರೆ ಬರೆದವರು ಯಾರೆಂದು ಹೆಸರಿಲ್ಲ. ಕೊನೆಯಲ್ಲಿ 116 ಪುಟದ ಒಂದು ಅನುಬಂಧ, ಅದಕ್ಕೂ ಹೆಸರಿಲ್ಲ. ಕಾನೂನು ಬಲ್ಲವರು ಇದೇನಪ್ಪಾ ಹೊಸ ಪದ್ಧತಿ ಎಂದು ಹುಬ್ಬೇರಿಸಿದರು. ನಮಗೆ ಮಾತ್ರ ಏನೂ ವಿಚಿತ್ರ ಅನ್ನಿಸಲಿಲ್ಲ. ಬರೆದವರು ಯಾರೆಂದು ಗೊತ್ತಿಲ್ಲದ ಮಾತನ್ನೇ ತಾನೇ ನಾವು ಬೆಳಗಿನಿಂದ ರಾತ್ರಿವರೆಗೆ ನಂಬುವುದು, ಹತ್ತು ಜನಕ್ಕೆ ದಾಟಿಸುವುದು?

ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಹತ್ತು ದಿನ ವಾದ ಕೇಳಿದರು. ದೇಶದ ದೊಡ್ಡ ದೊಡ್ಡ ವಕೀಲರು ಸಾಲಾಗಿ ನಿಂತು ವಾದಿಸಿದರು. ಕೊನೆಗೆ 2022ರ ಅಕ್ಟೋಬರ್ 13ರಂದು ಇಬ್ಬರೂ ಬೇರೆ ಬೇರೆ ತೀರ್ಪು ಕೊಟ್ಟು, ಮುಂದಿನದನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಬಿಟ್ಟರು. ಅಷ್ಟೆಲ್ಲ ಕೇಳಿದವರಿಗೇ ಬಗೆಹರಿಯದ್ದು ಏನನ್ನೂ ಕೇಳದ ನಮಗೆ ಯಾವತ್ತೋ ಬಗೆಹರಿದಿತ್ತು. ಬಹುಶಃ ಕೇಳಿದ್ದರಿಂದಲೇ ಅವರಿಗೆ ತೊಂದರೆಯಾಗಿರಬೇಕು.

ಇಲ್ಲಿಂದ ಒಂದು ಗಳಿಗೆ ಕಾಸರಗೋಡಿಗೆ ಹೋಗಿಬರೋಣ. ಅಲ್ಲಿ ಎಡನೀರು ಮಠ. ಮಾತೆತ್ತಿದರೆ ‘ಸಂವಿಧಾನದ ಮೂಲ ಸಂರಚನೆ’ ಎನ್ನುವವರಲ್ಲಿ ಎಷ್ಟು ಮಂದಿಗೆ ಅದು ಈ ಮಠದ ಜಮೀನಿನ ತಕರಾರಿನಿಂದ ಹುಟ್ಟಿದ್ದು ಅಂತ ಗೊತ್ತೋ ಕಾಣೆ. ಕೇರಳದ ಭೂಸುಧಾರಣೆ ಕಾಯ್ದೆಯಲ್ಲಿ ಜಮೀನು ಹೋಗುತ್ತದೆಂದು ಕೇಶವಾನಂದ ಭಾರತಿ ಸ್ವಾಮೀಜಿ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು ಕೂತು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು 7-6ರ ಅಂತರದ ತೀರ್ಪು, ಹನ್ನೊಂದು ಪ್ರತ್ಯೇಕ ಬರಹಗಳಲ್ಲಿ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸಂರಚನೆಯನ್ನು ಕೆಡಿಸುವ ಹಾಗಿಲ್ಲ ಎಂದಾಯಿತು. ದೇಶಕ್ಕೆ ದೊಡ್ಡ ತತ್ವ ಸಿಕ್ಕಿತು, ಮಠಕ್ಕೆ ಜಮೀನು ಸಿಗಲಿಲ್ಲ. ಹಾಗಾದರೆ ಆ ಪ್ರಕರಣದಲ್ಲಿ ಗೆದ್ದವರು ಯಾರು? ‘ನಾವು ಗೆದ್ವಿ, ಅವ್ರು ಸೋತ್ರು’ ಎನ್ನುವ ಇವತ್ತಿನ ಲೆಕ್ಕದಲ್ಲಿ ಇದಕ್ಕೆ ಉತ್ತರ ಇಲ್ಲ. ಸದ್ಯ, ಆಗ ನಾವು ಇಷ್ಟು ಚುರುಕಾಗಿರಲಿಲ್ಲ.

ಆ ಸ್ವಾಮೀಜಿಗೆ ಯಕ್ಷಗಾನ ಎಂದರೆ ಪ್ರಾಣ. ಅದನ್ನು ಹೇಳಿದ ಮೇಲೆ ತಾಳಮದ್ದಳೆಯ ಮಾತು ಬರದೆ ಇರುವುದಿಲ್ಲ, ಕರಾವಳಿಯವರು ಕ್ಷಮಿಸಿ, ಉಳಿದವರಿಗಾಗಿ ಎರಡು ಮಾತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಕಾದುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನು ಏನು ಕೇಳಿದನೋ ಅದಕ್ಕೇ ಉತ್ತರ ಕೊಡಬೇಕು, ಹಾರಿಸಿಕೊಂಡು ಹೋದರೆ ಸಭೆಗೆ ತಕ್ಷಣ ಗೊತ್ತಾಗುತ್ತದೆ. ವಾಲಿವಧೆ ಪ್ರಸಂಗ ಇಟ್ಟರೆಂದರೆ ಎಲ್ಲರೂ ಕಾಯುವುದು ಒಂದು ಪ್ರಶ್ನೆಗೆ: ನಿನಗೂ ನನಗೂ ಹಗೆಯಿಲ್ಲ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ರಾಮ, ಇದು ಯಾವ ಧರ್ಮ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದನ್ನು ಬಾಯಿ ಚಪ್ಪರಿಸಿ ಹೇಳುತ್ತಾರೆ.

ಸ್ವಲ್ಪ ಯೋಚಿಸಿ. ಕಟಕಟೆಯಲ್ಲಿ ನಿಂತವನು ಸಾಕ್ಷಾತ್ ಶ್ರೀರಾಮ. ಕೇಳುತ್ತ ಕೂತವರೆಲ್ಲ ಅವನ ಭಕ್ತರೇ. ಹಲವು ಕಡೆ ತಾಳಮದ್ದಳೆ ನಡೆಯುವುದು ದೇವಸ್ಥಾನದ ಅಂಗಳದಲ್ಲೇ. ದೇವರ ಮೇಲೆ ಇಷ್ಟು ದೊಡ್ಡ ದೋಷಾರೋಪಪಟ್ಟಿಯನ್ನು ಗಂಟೆಗಟ್ಟಲೆ ಓದಿದರೂ ಯಾರೊಬ್ಬರ ಭಾವನೆಗೂ ಧಕ್ಕೆಯಾಗುತ್ತಿರಲಿಲ್ಲ. ‘ಈಗ ರಾಮ ಏನು ಹೇಳ್ತಾನೆ ನೋಡು’ ಎಂದು ಪಕ್ಕದವನ ತೊಡೆ ತಟ್ಟುತ್ತಿದ್ದರು. ಇವತ್ತು ವಾಲಿಯ ಮೊದಲ ಪದಕ್ಕೇ ಯಾರಾದರೂ ಮೊಬೈಲ್ ಎತ್ತಿಹಿಡಿದು, ನಡುವಿನ ಅರ್ಧ ನಿಮಿಷ ಕತ್ತರಿಸಿ, ಬೆಳಗಾಗುವುದರೊಳಗೆ ಠಾಣೆಯಲ್ಲಿ ದೂರು ದಾಖಲಾಗಿರುತ್ತದೆ. ಮತ್ತೊಂದು ಮಾತು, ಈ ವಾರ ವಾಲಿಯಾಗಿ ರಾಮನನ್ನು ಅರೆದವನು ಮುಂದಿನ ವಾರ ರಾಮನಾಗಿ ವಾಲಿಗೆ ಉತ್ತರ ಕೊಡುತ್ತಿದ್ದ. ಯಾರೂ ಅವನನ್ನು ಪಕ್ಷಾಂತರಿ ಎನ್ನಲಿಲ್ಲ.

ಪಕ್ಷಾಂತರ ಅಂದ ಕೂಡಲೇ ನೆನಪಾಯಿತು. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿ ‘ಆಯಾರಾಮ್ ಗಯಾರಾಮ್’ ಎಂಬ ಮಾತಿಗೆ ಕಾರಣರಾದರು. ಇದು ತಡೆಯಲಾಗದ ರೋಗವಾಯಿತೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಪರಿಚ್ಛೇದ ಸೇರಿಸಿದರು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಅಪ್ಪಣೆ, ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಸಂಚಕಾರ. ಅಂದರೆ ಸದನದಲ್ಲಿ ಎದುರಿನವರ ವಾದ ಕೇಳಿ ‘ಹೌದಲ್ಲ, ಇದು ಸರಿ’ ಅಂತ ಅನ್ನಿಸಿತೋ, ಕುರ್ಚಿ ಹೋಯಿತು. ಇನ್ನು ಚರ್ಚೆ ಯಾವ ಪುರುಷಾರ್ಥಕ್ಕೆ? ಪಕ್ಷಾಂತರವಾದರೂ ನಿಂತಿತೇ ಅಂದರೆ, ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ನಮ್ಮ ಹದಿನೇಳು ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಸ್ಪರ್ಧಿಸಬಹುದು ಎಂದಿತು ಸುಪ್ರೀಂ ಕೋರ್ಟು. ಅವರಲ್ಲಿ ಹಲವರು ಗೆದ್ದರು, ಮಂತ್ರಿಗಳೂ ಆದರು. ರಾಜಕಾರಣಿ ಮನಸ್ಸು ಬದಲಿಸದೆ ಪಕ್ಷ ಬದಲಿಸುತ್ತಾನೆ, ಅದಕ್ಕೆ ಅವನದೇ ಲೆಕ್ಕಾಚಾರವಿದೆ. ನಮಗೇನಾಗಿದೆ? ನಮಗೆ ಯಾರೂ ವಿಪ್ ಕೊಟ್ಟಿಲ್ಲ. ಸಂಬಳವಿಲ್ಲ, ಭತ್ಯೆ ಇಲ್ಲ, ರೆಸಾರ್ಟ್ ಅಂತೂ ಇಲ್ಲವೇ ಇಲ್ಲ. ಆದರೂ ನಮ್ಮ ಕಡೆಯವನು ಹಗಲನ್ನು ರಾತ್ರಿ ಎಂದರೆ ಟಾರ್ಚ್ ಹುಡುಕುವುದು ನಾವೇ. ಇಂಥ ಶಿಸ್ತಿನ ಸಿಪಾಯಿಗಳು ಯಾವ ಶಾಸಕಾಂಗ ಪಕ್ಷದಲ್ಲೂ ಸಿಗಲಾರರು.

ಕಲಮ್ಮುಗಳನ್ನು ಬಾಯಿಪಾಠ ಮಾಡಿಕೊಂಡು ಎದುರಾಳಿಯ ಮೇಲೆ ಎಸೆಯುತ್ತಿದ್ದವರಿಗೆ 2024ರ ಜುಲೈ 1 ಕರಾಳ ದಿನ. 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಈಗ 103. ನಿಷೇಧಾಜ್ಞೆಯ 144 ಈಗ ಇನ್ನೊಂದು ಸಂಹಿತೆಯ 163. ಎಲ್ಲಕ್ಕಿಂತ ದೊಡ್ಡ ನಷ್ಟ ನಮ್ಮ ‘ಫೋರ್ ಟ್ವೆಂಟಿ’ಯದು. ಎಷ್ಟು ತಲೆಮಾರು ಬೈದುಕೊಂಡು ಬಂದ ಬೈಗುಳ! ‘ಲೋ, 318ರ ಉಪಕಲಂ 4 ನನ್ಮಗನೆ’ ಎಂದು ಉಸಿರು ಬಿಗಿಹಿಡಿದು ಬೈಯುವಷ್ಟರಲ್ಲಿ ಮೋಸಗಾರ ಬಸ್ ಹತ್ತಿ ಹೋಗಿರುತ್ತಾನೆ.

ದೇಶವನ್ನೆಲ್ಲ ಜೈಲಿಗೆ ಕಳಿಸುವ, ಬಿಡಿಸುವ ಈ ಎರಡು ಸಂಹಿತೆಗಳು, ಅವುಗಳ ಜೊತೆಗಿನ ಸಾಕ್ಷ್ಯದ ಕಾಯ್ದೆ, ಹೀಗೆ ಮೂರೂ ಕಾನೂನುಗಳು ಸಂಸತ್ತಿನಲ್ಲಿ ಪಾಸಾದದ್ದು 2023ರ ಡಿಸೆಂಬರಿನಲ್ಲಿ. ಅದೇ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸದಸ್ಯರನ್ನು ಅಮಾನತು ಮಾಡಲಾಗಿತ್ತು. ವಾದ ಮಾಡಲೆಂದೇ ಆರಿಸಿ ಕಳಿಸಿದವರು ಗೇಟಿನ ಹೊರಗೆ. ಮಾಡಿ ಎಂದು ಯಾರೂ ಕೇಳದ ನಾವು ಹಗಲೂ ರಾತ್ರಿ ಕರ್ತವ್ಯದ ಮೇಲೆ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನನಗೂ ‘ಆ ಕಡೆಯವನು’ ಪಟ್ಟ ಗ್ಯಾರಂಟಿ, ಹಾಗಾಗಿ ಇನ್ನೊಂದು ಡಿಸೆಂಬರಿಗೂ ಬರೋಣ. 2008ರ ಡಿಸೆಂಬರ್ 22. ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಲೋಕಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾಯಿತು. ಅದರೊಳಗಿತ್ತು 66ಎ ಎಂಬ ಕಲಂ. ಇಂಟರ್ನೆಟ್ಟಿನಲ್ಲಿ ಸುಳ್ಳು ಹರಡಿ ‘ಕಿರಿಕಿರಿ’ ಮಾಡಿದರೂ ಸರಿ, ‘ಅನಾನುಕೂಲ’ ಉಂಟುಮಾಡಿದರೂ ಸರಿ, ಮೂರು ವರ್ಷದವರೆಗೆ ಜೈಲು. ಸರಿಯಾಗಿ ಜಾರಿ ಮಾಡಿದ್ದರೆ ದೇಶದ ಸೋದರಮಾವಂದಿರೆಲ್ಲ ಒಳಗಿರಬೇಕಿತ್ತು.

ಒಳಗೆ ಹೋದವರು ಬೇರೆಯವರು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಹುಡುಗಿ ಮುಂಬೈ ಬಂದ್ ಆದದ್ದೇಕೆ ಎಂದು ಎರಡು ಸಾಲು ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಕಾನೂನು ವಿದ್ಯಾರ್ಥಿನಿಯೊಬ್ಬರು ಕೋರ್ಟಿಗೆ ಹೋದರು, 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು 66ಎ ಅನ್ನು ಪೂರ್ತಿಯಾಗಿ ರದ್ದು ಮಾಡಿತು. ಶ್ರೇಯಾ ಸಿಂಘಾಲ್ ಪ್ರಕರಣ. ಆ ಕಲಂ ಅಲ್ಲಿಗೆ ಸತ್ತಿತು.

ಸತ್ತ ಮೇಲೂ ಪೊಲೀಸರು ಅದರಡಿ ಕೇಸು ಹಾಕುತ್ತಲೇ ಹೋದರು. 2019ರಲ್ಲಿ ಕೋರ್ಟು, ತೀರ್ಪಿನ ಪ್ರತಿಯನ್ನು ಎಲ್ಲ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೂ ಹೈಕೋರ್ಟುಗಳಿಗೂ ಮುಟ್ಟಿಸಿ ಎಂದಿತು. 2021ರಲ್ಲಿ ಲೆಕ್ಕ ತೆಗೆದರೆ ಹನ್ನೊಂದು ರಾಜ್ಯಗಳ ಕೋರ್ಟುಗಳಲ್ಲಿ ಇನ್ನೂ 745 ಪ್ರಕರಣ. ಇದು ಹೇಗೆ ಎಂದು ಕೇಳಿದ್ದಕ್ಕೆ ಸರ್ಕಾರದ ಕಡೆಯಿಂದ ಬಂದ ವಿವರಣೆ ಏನು ಗೊತ್ತೇ? ಪುಸ್ತಕದಲ್ಲಿ ಕಲಂ ಹಾಗೇ ಅಚ್ಚಾಗಿದೆ, ರದ್ದಾಗಿದೆ ಅನ್ನುವುದು ಅಡಿಟಿಪ್ಪಣಿಯಲ್ಲಿದೆ ಅಂತ. ಅಡಿಟಿಪ್ಪಣಿ! ಪುಟದ ತಳಕ್ಕೆ ಕಣ್ಣು ಹಾಯಿಸದ್ದರಿಂದ ಜನರ ಮೇಲೆ ಕೇಸು. ಎಲ್ಲೋ ಒಂದು ಠಾಣೆಯ ಬೆಂಚಿನ ಮೇಲೆ ಹುಡುಗನೊಬ್ಬ ಕೂತಿರುತ್ತಾನೆ, ಅವನ ಅಪ್ಪ ಸಾಲ ಮಾಡಿ ವಕೀಲರನ್ನು ಹಿಡಿದಿರುತ್ತಾನೆ, ಅವನ ಮೇಲಿರುವ ಕಲಂ ಸತ್ತು ಆರು ವರ್ಷ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಾಕಾಗಿಹೋಗಿದೆ. 2022ರ ಅಕ್ಟೋಬರಿನಲ್ಲಿ ಕೋರ್ಟು ಮತ್ತೊಮ್ಮೆ ಆದೇಶ ಬರೆಯಬೇಕಾಯಿತು, ರದ್ದಾದ ಕಲಮ್ಮಿನಡಿ ಯಾರನ್ನೂ ವಿಚಾರಣೆಗೆ ಒಳಪಡಿಸಬೇಡಿ ಎಂದು. ಏಳು ವರ್ಷದ ಹಿಂದೆ ಹೇಳಿದ್ದನ್ನೇ, ಮೊದಲಿಂದ.

ತೀರ್ಪು ಎಂದರೆ ಪ್ರಾಣ ಬಿಡುವ ನಮ್ಮ ಹಿರಿಯರಿಗೆ ಇದನ್ನೂ ಹೇಳಿ ನೋಡೋಣ ಅನ್ನಿಸಿತು.

“ಸಾರ್, ರದ್ದಾದ ಕಲಮ್ಮಲ್ಲಿ ಜನರ ಮೇಲೆ ಕೇಸ್ ಹಾಕ್ತಿದ್ರಂತೆ.”

“ಛೆ, ಛೆ! ಎಂಥಾ ಅನ್ಯಾಯ ಕಣ್ರೀ. ಯಾವ ಪಾರ್ಟಿ ಸರ್ಕಾರ ಇರೋ ರಾಜ್ಯದಲ್ಲಿ?”

“ಹನ್ನೊಂದು ರಾಜ್ಯ ಸಾರ್. ಒಂದೊಂದು ಕಡೆ ಒಂದೊಂದು ಪಾರ್ಟಿ.”

“ಅದಿರ್ಲಿ, ಆ ಕಾನೂನು ತಂದೋರು ಯಾರು?”

“ಯುಪಿಎ ಸರ್ಕಾರ.”

“ನೋಡಿದ್ರಾ! ನಾನು ಹೇಳ್ಲಿಲ್ವಾ?”

“ಆಮೇಲೆ ಕೋರ್ಟಲ್ಲಿ ಅದು ಇರ್ಲಿ ಅಂತ ವಾದ ಮಾಡಿದ್ದು ಎನ್‌ಡಿಎ ಸರ್ಕಾರ ಸಾರ್.”

“ಓ, ಹಂಗಾ. ಹಂಗಾದ್ರೆ ಇದರಲ್ಲಿ ಚರ್ಚೆ ಮಾಡೋಕೆ ಏನಿದೆ, ಬಿಡ್ರಿ.”