ಬೇಸಿಕಲಿ

ನಮ್ಮ ಮನೆಯವರ ಜೊತೆ ಯಾವ ಸರ್ಕಾರಿ ಕೌಂಟರಿಗೂ ಹೋಗಬಾರದು. ಕೆನಡಾ-ಅಮೆರಿಕ ಗಡಿಯ ಕೌಂಟರಿಗಂತೂ ಹೋಗಲೇಬಾರದು. ಮೊನ್ನೆ ಮಂಗಳವಾರ ಹೋಗಿ ಬಂದೆ. ಇವರ ಬೆನ್ನಿಗೆ ತಿವಿದು ತಿವಿದು ನನ್ನ ತೋರುಬೆರಳು ಇನ್ನೂ ನೋಯುತ್ತಿದೆ.

ಅಮೆರಿಕದಲ್ಲಿ ಕೆಲಸ ಮಾಡಲು ಇವರಿಗಿದ್ದ ‘ಟಿಎನ್’ ಅನುಮತಿ ಮುಗಿಯುತ್ತಾ ಬಂದಿತ್ತು. ಕೆನಡಾದ ಮಿಸ್ಸಿಸಾಗಾ ಕಡೆಯ ನಮ್ಮವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಿಲ್ಲ, ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಟಿಎನ್ ಪುರಾಣ ತೆಗೆದೇ ತೆಗೆಯುತ್ತಾರೆ. ಕೆನಡಾದ ಪೌರತ್ವ ಇರಬೇಕು, ಬರೀ ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಸಾಲದು. ಫೈಲು ಹಿಡಿದು ಸೀದಾ ಗಡಿಗೆ ಹೋದರೆ ಅಲ್ಲೇ ಅಮೆರಿಕದ ಕೆಲಸಕ್ಕೆ ಅನುಮತಿ. ಒಂದು ಸಲಕ್ಕೆ ಹೆಚ್ಚೆಂದರೆ 3 ವರ್ಷ. ಆಮೇಲೆ ಎಷ್ಟು ಸಲ ಬೇಕಾದರೂ ಬನ್ನಿ, ಆದರೆ ಪ್ರತಿ ಸಲವೂ ‘ನಾನು ಉಳಿಯೋಕೆ ಬಂದವನಲ್ಲ’ ಅನ್ನೋ ಮುಖ ಮಾಡಿಕೊಂಡು ಬನ್ನಿ.

ಇದು ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ 1994ರ ನಾಫ್ತಾ ವ್ಯಾಪಾರ ಒಪ್ಪಂದದ ಕೃಪೆ. 2020ರ ಜುಲೈ 1ರಿಂದ ಹೊಸ ಒಪ್ಪಂದ ಬಂತು. ಅಮೆರಿಕದವರು ಅದನ್ನು ಯುಎಸ್‌ಎಂಸಿಎ ಅಂತಾರೆ, ಕೆನಡಾದವರು ಕುಸ್ಮಾ ಅಂತಾರೆ, ಮೆಕ್ಸಿಕೋದವರು ಟಿ-ಮೆಕ್ ಅಂತಾರೆ. ಎಲ್ಲರೂ ತಮ್ಮ ದೇಶದ ಹೆಸರನ್ನೇ ಮುಂದೆ ಹಾಕಿಕೊಂಡಿದ್ದಾರೆ. ಒಂದೇ ಮದುವೆಗೆ ಗಂಡಿನ ಕಡೆಯವರದೊಂದು ಲಗ್ನಪತ್ರಿಕೆ, ಹೆಣ್ಣಿನ ಕಡೆಯವರದೊಂದು ಇರುತ್ತಲ್ಲ, ಹಾಗೆ. ಹೆಸರು ಬದಲಾದರೂ ಟಿಎನ್ ಸಿಗುವ ಕೆಲಸಗಳ ಪಟ್ಟಿ ಮಾತ್ರ ಹಳೆಯದೇ. ಅದರಲ್ಲಿ ಜೇನುಹುಳದ ವಿಜ್ಞಾನಿ ಇದ್ದಾರೆ, ಕೋಳಿ ವಿಜ್ಞಾನಿ ಇದ್ದಾರೆ, ಲೈಬ್ರರಿಯನ್ ಇದ್ದಾರೆ. ಪ್ರೋಗ್ರಾಮರ್ ಇಲ್ಲ! ಇರೋದು ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್. ಹಾಗಾಗಿ ನಮ್ಮವರೆಲ್ಲ ಗಡಿಯಲ್ಲಿ ಅನಲಿಸ್ಟುಗಳೇ.

ವಕೀಲರು ಫೋನಿನಲ್ಲಿ ಎರಡೇ ಮಾತು ಹೇಳಿದ್ದರು. ಕೇಳಿದ್ದಕ್ಕೆ ಒಂದೇ ಸಾಲಿನ ಉತ್ತರ ಕೊಡಿ. ‘ಪ್ರೋಗ್ರಾಮಿಂಗ್’ ಅನ್ನಬೇಡಿ.

ಒಂದೇ ಸಾಲು! ಇವರಿಗೆ! ಕಾಫಿ ಆಯ್ತಾ ಅಂತ ಕೇಳಿದರೆ ಹಾಲು ಒಡೆದ ಕಥೆಯಿಂದ ಶುರು ಮಾಡುವ ಮನುಷ್ಯ. ಎಲ್ಲಕ್ಕೂ ಮೊದಲು ‘ಬೇಸಿಕಲಿ’ ಬರಬೇಕು. ನಮ್ಮಪ್ಪ ಹೆಣ್ಣು ತೋರಿಸಲು ಕರೆಸಿದಾಗಲೂ ‘ಹುಡುಗಿ ಒಪ್ಪಿಗೆಯಾ’ ಅಂದರೆ ‘ಬೇಸಿಕಲಿ...’ ಅಂದಿದ್ದರು. ಆ ವಾಕ್ಯ ಮುಗಿಯೋ ಹೊತ್ತಿಗೆ ಉಪ್ಪಿಟ್ಟು ತಣ್ಣಗಾಗಿತ್ತು. ಕಾರಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದೆ. “ರೀ, ನಿಮ್ಮ ಕೆಲಸ ಏನು?” “ಸಿಸ್ಟಮ್ಸ್ ಅನಲಿಸ್ಟ್.” “ಮುಂದೆ?” “ಮುಂದೆ ಏನಿಲ್ಲ.” ಭೇಷ್ ಅಂದೆ.

ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದ ಮೇಲೆ ಕರೆದರು. ಆಫೀಸರ್ ತಲೆ ಎತ್ತದೆ ಕೇಳಿದ, “ಏನು ಕೆಲಸ?”

“ಬೇಸಿಕಲಿ,” ಅಂದರು ಇವರು, “ನಾನು ಮೆಕ್ಯಾನಿಕಲ್ ಇಂಜಿನಿಯರ್.”

ಆತ ಟೈಪಿಂಗ್ ನಿಲ್ಲಿಸಿದ. ನಾನು ತಿವಿದೆ. ತಿವಿದದ್ದನ್ನು ಇವರು ಪ್ರೋತ್ಸಾಹ ಅಂದುಕೊಂಡರು. ದಾವಣಗೆರೆಯ ಕಾಲೇಜು, ಲೇತ್ ಮೆಷಿನ್ನು, ಕ್ಯಾಂಪಸ್ ಇಂಟರ್‌ವ್ಯೂಗೆ ಬಂದ ಸಾಫ್ಟ್‌ವೇರ್ ಕಂಪನಿ ಮೆಕ್ಯಾನಿಕಲ್, ಸಿವಿಲ್ ಅಂತ ನೋಡದೆ ಸಾಲಾಗಿ ಎತ್ತಿಕೊಂಡು ಹೋದದ್ದು, ಎಲ್ಲ ಬಂತು. ಆತ ಡಿಗ್ರಿ ಸರ್ಟಿಫಿಕೇಟ್ ತಿರುಗಿಸಿ ನೋಡಿದ. ಆಫರ್ ಲೆಟರ್ ನೋಡಿದ. ಮತ್ತೆ ಸರ್ಟಿಫಿಕೇಟ್ ನೋಡಿದ.

“ಹಾಗಾದರೆ ನೀನು ಪ್ರೋಗ್ರಾಂ ಬರೀತೀಯಾ?”

ನನ್ನ ಎದೆ ಧಸಕ್ಕೆಂದಿತು. ಇವರು ಚಾವಣಿ ನೋಡಿದರು. ಜನ್ಮದಲ್ಲಿ ಮೊದಲ ಬಾರಿ ಒಂದೇ ಸಾಲು ಹೇಳಿದರು: “ಇಲ್ಲ ಸರ್, ನಾನು ಏನೂ ಬರೆಯೋದಿಲ್ಲ.”

ಎಷ್ಟು ನಿಜ! ದಿನಸಿ ಚೀಟಿ ಕೂಡ ನಾನೇ ಬರೀಬೇಕು. ನನ್ನ ಮುಖದಲ್ಲಿದ್ದ ಸಂಕಟವೇ ಸಾಕ್ಷಿಯಾಗಿ ಕಂಡಿತೋ ಏನೋ, ಆತ ಠಪ್ ಅಂತ ಸೀಲು ಹೊಡೆದ.

ಆಮೇಲೆ ನನ್ನ ಸರದಿ. ನನ್ನದು ಟಿಡಿ, ಅಂದರೆ ಟಿಎನ್‌ನವರ ಅವಲಂಬಿತೆ. ಮೊದಲ ಸಲ ಹೋದಾಗ ಇವರಿಗೆ 56 ಡಾಲರ್, ನನಗೆ ಬರೀ 6 ಡಾಲರ್ ಶುಲ್ಕ ಹಾಕಿದ್ದರು. ಅಗ್ಗ ಅಂತ ಅವತ್ತು ನಕ್ಕಿದ್ದೆ. ಈ ಸಲ ಆಫೀಸರ್ ಬಹಳ ಮರ್ಯಾದೆಯಿಂದಲೇ ನೆನಪಿಸಿದ, “ಮೇಡಂ, ನೀವು ಓದಬಹುದು. ಕೆಲಸ ಮಾಡುವಂತಿಲ್ಲ.”

ಶಿವಮೊಗ್ಗದಲ್ಲಿ ಹನ್ನೊಂದು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಮಿಸ್ಸಿಸಾಗಾದಲ್ಲೂ ಡೇಕೇರ್‌ನಲ್ಲಿ ಕೆಲಸ ಇತ್ತು. ಗಡಿಯ ಈಚೆ, ಅಮೆರಿಕದ ಬಫಲೋಗೆ ಬಂದು ಮೂರು ವರ್ಷವಾದರೂ ಬೆಳಿಗ್ಗೆ ಆರಕ್ಕೆ ಎಚ್ಚರ ಆಗುತ್ತೆ, ಸೀರೆ ಯಾವುದು ಉಡಲಿ ಅಂತ ಅರೆನಿದ್ದೆಯಲ್ಲಿ ಯೋಚನೆ ಬರುತ್ತೆ. ಆಮೇಲೆ ನೆನಪಾಗಿ ಮಗ್ಗುಲು ಬದಲಿಸುತ್ತೇನೆ.

ಮನೆಗೆ ಬಂದಾಗ ರಾತ್ರಿ ಒಂಬತ್ತು. ಸಿಂಕಿನಲ್ಲಿ ಬೆಳಗಿನ ಪಾತ್ರೆ, ಚಿತ್ರಾನ್ನದ ಡಬ್ಬಿ, ಒಣಗಿದ ದೋಸೆ ಹಿಟ್ಟಿನ ಬೋಗುಣಿ. ಇವರು ಸೋಫಾದಲ್ಲಿ ಕಾಲು ಚಾಚಿ, “ಏನೇ, ಊಟಕ್ಕೇನು?” ಅಂದರು.

“ಬೇಸಿಕಲಿ...” ಅಂದೆ. ಅನುಮತಿ ಪತ್ರ ಅವರ ಕೈಗೆ ಕೊಟ್ಟು ಪಕ್ಕದಲ್ಲೇ ಕೂತೆ.