ತೇವದ ಗೋಡೆಗೆ ಮತ್ತೆ ಬಣ್ಣ
ಮೊನ್ನೆ ಬೆಳಿಗ್ಗೆ ಮಲಗುವ ಕೋಣೆಯ ಗೋಡೆಯನ್ನು ಬೆರಳಿನಿಂದ ಮುಟ್ಟಿದೆನಷ್ಟೇ, ಐದು ತಿಂಗಳ ಹಿಂದೆ ಬಳಿಸಿದ್ದ ಬಣ್ಣ ಹಪ್ಪಳದಂತೆ ಸಿಡಿದು, ಅದರಡಿಯಲ್ಲಿ ಗೋಡೆ ನುಣುಪಾಗಲೆಂದು ಮೆತ್ತಿದ್ದ ಪುಟ್ಟಿ ಹಿಟ್ಟಿನಂತೆ ಹಾಸಿಗೆಯ ಮೇಲೆ ಉದುರಿತು. ಇದು ಮೂರನೆಯ ಮಳೆಗಾಲ, ಮೂರನೆಯ ಸಲ.

ಬಣ್ಣ ಬಳಿಯಲು ಬಂದವರೆಲ್ಲರದೂ ಒಂದೇ ಮಾತು: "ಕೆರೆದು, ಪುಟ್ಟಿ ಹಾಕಿ, ಎರಡು ಕೋಟ್ ಹೊಡೆದರೆ ಸರಿಹೋಗುತ್ತದೆ ಸಾರ್." ನೀರು ಎಲ್ಲಿಂದ ಬರುತ್ತಿದೆ ಎಂದು ಒಬ್ಬರಾದರೂ ಏಕೆ ಕೇಳುವುದಿಲ್ಲ? ಗೋಡೆಯ ಆಚೆಗೆ ಬಚ್ಚಲುಮನೆಯಿದೆ, ಅಲ್ಲಿನ ಟೈಲ್ಸ್ ಸಂದುಗಳಿಗೆ ತುಂಬಿದ್ದ ಗ್ರೌಟ್ ಸವೆದುಹೋಗಿದೆ. 10 ಅಡಿಗೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಇಳಿಜಾರು ಇರಬೇಕಾದ ತಾರಸಿಯಲ್ಲಿ ನೀರು ಪೈಪಿನ ಬಾಯಿಗೆ ಹರಿಯದೆ ಮೂಲೆಯಲ್ಲೇ ಪಾಚಿಗಟ್ಟುತ್ತದೆ. ಗೋಡೆಯೊಳಗಿನ ನೀರು ಆವಿಯಾಗುವಾಗ ಇಟ್ಟಿಗೆ, ಗಾರೆಗಳ ಲವಣವನ್ನು ಹೊರಗೆಳೆದು ತರುತ್ತದೆ. ಬಣ್ಣದ ಮೇಲೆ ಬಿಳಿ ಹರಳಾಗಿ ಮೂಡುವುದು ಅದೇ ಉಪ್ಪು. ಇಷ್ಟು ಕಣ್ಣಿಗೆ ಕಾಣುತ್ತಿರುವಾಗ ಅದರ ಮೇಲೆಯೇ ಪುಟ್ಟಿ ಮೆತ್ತಲು ಕೈ ಹೇಗೆ ಬರುತ್ತದೆ? ತಾರಸಿಯಲ್ಲಿ ಎರಡು ದಿನ ನೀರು ಕಟ್ಟಿ, ಸೋರುತ್ತದೆಯೇ ಎಂದು ನೋಡುವಷ್ಟು ತಾಳ್ಮೆಯೂ ಇಲ್ಲವೇ?

ನನ್ನ ತಾಯಿಗೆ ಉಬ್ಬಸವಿದೆ, ಆ ಬೂಷ್ಟಿನ ವಾಸನೆಗೆ ರಾತ್ರಿಯೆಲ್ಲ ಕೆಮ್ಮುತ್ತಾರೆ. ನಿನ್ನೆ ನಾಲ್ಕನೆಯವರು ಬಂದರು. ತಾರಸಿ ಹತ್ತಲಿಲ್ಲ, ಬಚ್ಚಲಿಗೆ ಇಣುಕಲಿಲ್ಲ. ಬಣ್ಣಗಳ ಶೇಡ್ ಕಾರ್ಡ್ ಮೇಜಿನ ಮೇಲಿಟ್ಟು ಮುಂಗಡ ಕೇಳಿದರು.